ಸಿಮೆಂಟ್ ಎಂದರೆ ಹೆದರಬೇಡಿ

(ಕಂದಿಕೆರೆಯ ಆರೋಗ್ಯ ತಿಳಿವಳಿಕೆ ಸಭೆಯಲ್ಲಿ ಶುಶ್ರೂಷಾ ಶಿಕ್ಷಕಿ ಆಡಿದ ಮಾತುಗಳು)



ಸೊಂಟ ಮುರಿಯುವುದು ತೆಂಗಿನಮರದಿಂದ ಬಿದ್ದವರಿಗೆ ಮಾತ್ರ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆದರೆ ವಾರ್ಡಿನಲ್ಲಿ ನಾನು ನೋಡುವವರಲ್ಲಿ ಹೆಚ್ಚಿನವರು ಬಚ್ಚಲಲ್ಲಿ ಜಾರಿದ, ಹೊಸ್ತಿಲು ಎಡವಿದ ಅಜ್ಜಿಯರು. ವಯಸ್ಸಾದಂತೆ ಮೂಳೆ ಟೊಳ್ಳಾಗುತ್ತದೆ. ನಿಂತಲ್ಲೇ ಬಿದ್ದರೂ ತೊಡೆಮೂಳೆಯ ಕತ್ತು ಮುರಿಯಬಹುದು. ಆಗ ಸಾಮಾನ್ಯವಾಗಿ ಆ ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿಕೊಳ್ಳುತ್ತದೆ.

ನನ್ನ ಅಜ್ಜಿಗೂ ಹೀಗೇ ಆಯಿತು. ನಾನಾಗ ನರ್ಸಿಂಗ್ ಓದುತ್ತಿದ್ದೆ. "ಸಿಮೆಂಟ್ ಹಾಕಿ ಹೊಸ ಕೀಲು ಕೂರಿಸಬೇಕು" ಎಂದರು ವೈದ್ಯರು. "ಗೋಡೆಗೆ ಹಾಕೋ ಸಿಮೆಂಟು ಮೈಗೆ ಹಾಕ್ತಾರಾ? ಈ ವಯಸ್ಸಲ್ಲಿ ಯಾಕೆ ಬೇಕು?" ಎಂದು ಮನೆಯವರು ಕರೆತಂದು ಮಲಗಿಸಿದರು. ಬೆನ್ನಿಗೆ ಹುಣ್ಣಾಯಿತು, ಎದೆಯಲ್ಲಿ ಕಫ ಕಟ್ಟಿತು. ಅಜ್ಜಿ ಮೂರು ತಿಂಗಳೂ ಉಳಿಯಲಿಲ್ಲ. ಮನೆಯವರ ಆ ಪ್ರಶ್ನೆಗೆ ಅಂದು ನನಗೆ ಉತ್ತರ ಗೊತ್ತಿರಲಿಲ್ಲ. ಅದನ್ನೇ ಇವತ್ತು ಹೇಳುತ್ತೇನೆ.

ಇದು ಗೋಡೆಯ ಸಿಮೆಂಟ್ ಅಲ್ಲ. ಹಲ್ಲಿನ ಸೆಟ್ಟು ಮಾಡುವ ಅಕ್ರಿಲಿಕ್ ಜಾತಿಯ ವಸ್ತು. ಪುಡಿಗೆ ದ್ರವ ಬೆರೆಸಿದರೆ ಹಿಟ್ಟಿನಂತಾಗಿ, ಸುಮಾರು ಹತ್ತು ಹದಿನೈದು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ ಎಂಬ ವೈದ್ಯರು 1962ರಲ್ಲಿ ಲೋಹದ ಗುಂಡು, ಪ್ಲಾಸ್ಟಿಕ್ ಬಟ್ಟಲು ಮತ್ತು ಈ ಸಿಮೆಂಟ್ ಸೇರಿಸಿದ ಕೀಲನ್ನು ಬಳಕೆಗೆ ತಂದರು. ಸಿಮೆಂಟ್ ಇಲ್ಲಿ ಗೋಂದಿನಂತೆ ಅಂಟಿಸುವುದಿಲ್ಲ. ಗುಂಡಿಯಲ್ಲಿ ಕಲ್ಲುಕಂಬ ನಿಲ್ಲಿಸಿ ಸುತ್ತ ಜಲ್ಲಿ ಗಿಡಿದಂತೆ ಸಂದು ತುಂಬುತ್ತದೆ. ಮೂಳೆಯ ಸಣ್ಣ ಸಣ್ಣ ರಂಧ್ರಗಳೊಳಗೆ ಇಳಿದು ಹಿಡಿಯುತ್ತದೆ. ಅದಕ್ಕೇ ವೈದ್ಯರು ಮೂಳೆಯ ಕೊಳವೆಯನ್ನು ತೊಳೆದು, ಒಣಗಿಸಿ, ಕೆಳಗೆ ಬಿರಡೆ ಇಟ್ಟು, ತಳದಿಂದ ಮೇಲಕ್ಕೆ ಒತ್ತಿ ತುಂಬುತ್ತಾರೆ.

ಅದರೊಳಗೆ ಇಳಿಸುವ ಲೋಹದ ದಂಡಕ್ಕೆ ಸ್ಟೆಮ್ ಎನ್ನುತ್ತಾರೆ. ಇದರ ಆಕಾರದಲ್ಲಿ ಒಂದು ಪಾಠವಿದೆ. ಇಂಗ್ಲೆಂಡಿನ ಎಕ್ಸೆಟರ್ ಊರಿನಲ್ಲಿ ವೈದ್ಯ ರಾಬಿನ್ ಲಿಂಗ್ ಮತ್ತು ಎಂಜಿನಿಯರ್ ಕ್ಲೈವ್ ಲೀ 1970ರಲ್ಲಿ ಕೆಳಗೆ ಸಣ್ಣಗಾಗುವ, ನುಣುಪಾದ ಸ್ಟೆಮ್ ತಂದರು. ಕೆಲವು ವರ್ಷಗಳ ಮೇಲೆ ಅದರ ಮೈಯನ್ನು ಹೊಳಪಿಲ್ಲದಂತೆ, ತುಸು ಒರಟಾಗಿ ಮಾಡಲಾಯಿತು. ಸಡಿಲವಾಗುವುದು ಹೆಚ್ಚಿತು. 1986ರಲ್ಲಿ ಮತ್ತೆ ನುಣುಪಿಗೇ ಮರಳಿದರು. ಗುದ್ದಲಿ ಕಾವಿಗೆ ಹೊಡೆದ ಬೆಣೆ ಇಳಿದಷ್ಟೂ ಬಿಗಿಯಾಗುವುದಿಲ್ಲವೇ? ಹಾಗೆಯೇ ಈ ಸ್ಟೆಮ್ ಸಿಮೆಂಟಿನೊಳಗೆ ಮಿಲಿಮೀಟರಿನಷ್ಟು ಇಳಿದು ಕೂತು ಬಿಗಿಯಾಗುತ್ತದೆ. ಮೈ ಒರಟಾದರೆ ಅಲುಗಿದಾಗಲೆಲ್ಲ ಸಿಮೆಂಟನ್ನು ಉಜ್ಜಿ ಪುಡಿ ಮಾಡುತ್ತದೆ.

"ಸಿಮೆಂಟ್ ಇಲ್ಲದ ಹೊಸದನ್ನೇ ಹಾಕಿ, ದುಡ್ಡು ಹೆಚ್ಚಾದರೂ ಪರವಾಗಿಲ್ಲ" ಎಂದು ಕೆಲವು ಮಕ್ಕಳು ಕೇಳುತ್ತಾರೆ. ತಾಯಿಯ ಮೇಲಿನ ಪ್ರೀತಿಯಿಂದ ಕೇಳುವ ಮಾತದು. ಆದರೆ ಸಿಮೆಂಟ್ ಇಲ್ಲದ ಸ್ಟೆಮ್ಮನ್ನು ಮೂಳೆಯೊಳಗೆ ಬಿಗಿಯಾಗಿ ಬಡಿದು ಕೂರಿಸಬೇಕು, ಆಮೇಲೆ ಮೂಳೆ ಅದರ ಮೇಲೆ ಬೆಳೆಯಬೇಕು. ಗಟ್ಟಿ ಮೂಳೆಯ ಕಿರಿಯರಿಗೆ ಅದು ಚೆನ್ನಾಗಿ ಆಗುತ್ತದೆ. ಟೊಳ್ಳು ಮೂಳೆ ಸೀಳಬಹುದು. ಸೊಂಟ ಮುರಿದ, 60 ದಾಟಿದ 1,225 ಜನರಿಗೆ ಎರಡೂ ಬಗೆಯ ಅರ್ಧ ಕೀಲು ಹಾಕಿ ನೋಡಿದ ಬ್ರಿಟನ್ನಿನ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಸ್ಟೆಮ್ಮಿನ ಸುತ್ತ ಮೂಳೆ ಮುರಿದದ್ದು ಸಿಮೆಂಟ್ ಹಾಕಿದವರಲ್ಲಿ ಶೇ. 0.5, ಹಾಕದವರಲ್ಲಿ ಶೇ. 2.1. ನಾಲ್ಕು ತಿಂಗಳ ಮೇಲೆ ದಿನನಿತ್ಯದ ಬದುಕೂ ಸಿಮೆಂಟ್ ಹಾಕಿದವರಲ್ಲಿ ಸ್ವಲ್ಪ ಮೇಲಾಗಿತ್ತು. ಹಳೆಯದೆಂದು ತಳ್ಳುವ ಹಾಗಿಲ್ಲ, ಹೊಸದೆಂದು ಹಿಡಿಯುವ ಹಾಗೂ ಇಲ್ಲ.

ಅಪಾಯವನ್ನೂ ಮುಚ್ಚಿಡಬಾರದು. ಸಿಮೆಂಟ್ ಒತ್ತುವಾಗ ಕೆಲವರಿಗೆ ರಕ್ತದೊತ್ತಡ, ಆಮ್ಲಜನಕ ಇಳಿಯುತ್ತದೆ. ಅಪರೂಪಕ್ಕೆ ಪ್ರಾಣಕ್ಕೂ ಬರುತ್ತದೆ. ಆದ್ದರಿಂದ ಹೃದಯದ ತೊಂದರೆ, ಉಬ್ಬಸ, ತೆಗೆದುಕೊಳ್ಳುವ ಮಾತ್ರೆ ಎಲ್ಲವನ್ನೂ ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿ. ಅವರು ಆ ಗಳಿಗೆಗೆ ಸಿದ್ಧರಿರುತ್ತಾರೆ.

ಮನೆಯವರು ನೆನಪಿಡಬೇಕಾದದ್ದು ಇಷ್ಟು. ಬಿದ್ದ ದಿನವೇ ಆಸ್ಪತ್ರೆಗೆ ಬನ್ನಿ. ಎಣ್ಣೆ ತಿಕ್ಕಬೇಡಿ, ಎಳೆದು ಕಟ್ಟಿಸಬೇಡಿ. ಆಪರೇಷನ್ ಒಂದೆರಡು ದಿನದೊಳಗೆ ಆದರೆ ಒಳ್ಳೆಯದು. ಸಿಮೆಂಟ್ ಆಗಲೇ ಗಟ್ಟಿಯಾಗಿರುವುದರಿಂದ ಸಾಮಾನ್ಯವಾಗಿ ಮರುದಿನವೇ ವಾಕರ್ ಹಿಡಿಸಿ ನಡೆಸುತ್ತೇವೆ. "ನೋಯುತ್ತದೆ, ಮಲಗಿರಲಿ" ಎನ್ನಬೇಡಿ. ವೈದ್ಯರು ಒಪ್ಪುವವರೆಗೆ ಮಣೆಯ ಮೇಲೆ ಕೂರುವುದು, ಕುಕ್ಕುರುಗಾಲು, ಚಕ್ಕಂಬಕ್ಕಲ ಬೇಡ. ಕಮೋಡ್ ಕುರ್ಚಿ ಇರಲಿ. ಗಾಯ ಸೋರಿದರೆ, ಮೀನಖಂಡ ಊದಿದರೆ ತಡಮಾಡಬೇಡಿ. ವರ್ಷಗಳ ಮೇಲೆ ಎದ್ದು ಹೆಜ್ಜೆ ಇಡುವಾಗ ತೊಡೆ ನೋಯತೊಡಗಿದರೂ ಎಕ್ಸ್‌ರೇ ಮಾಡಿಸಿ. ಸ್ಟೆಮ್ಮಿನ ಹೆಸರು, ಅಳತೆ ಬರೆದ ಚೀಟಿಯನ್ನು ಪಹಣಿ ಪತ್ರದ ಜೊತೆ ಜೋಪಾನವಾಗಿಡಿ. ಮುಂದೆ ಯಾವ ವೈದ್ಯರಿಗಾದರೂ ಅದೇ ದಾರಿ ತೋರಿಸುತ್ತದೆ.

ಸಿಮೆಂಟ್ ಹಾಕಬೇಕೋ ಬೇಡವೋ ಎಂಬುದನ್ನು ರೋಗಿಯ ಮೂಳೆ ನೋಡಿ ವೈದ್ಯರು ಹೇಳಲಿ. ನೀವು ಪ್ರಶ್ನೆ ಕೇಳಿ, ಉತ್ತರ ತಿಳಿದುಕೊಳ್ಳಿ. ಒಂದು ಪದಕ್ಕೆ ಹೆದರಿ ಹಿರಿಯರನ್ನು ಹಾಸಿಗೆಗೆ ಒಪ್ಪಿಸಬೇಡಿ.