ಕಾಗದದಲ್ಲಿ ಕಲಿತ ಅಡುಗೆ

ಊರಿಗೆ ಫೋನ್ ಮಾಡಿ "ಅಮ್ಮಾ, ಸಾರಿಗೆ ಉಪ್ಪು ಎಷ್ಟು?" ಅಂತ ಕೇಳಿ. "ರುಚಿಗೆ ತಕ್ಕಷ್ಟು." ಎಷ್ಟು ಹೊತ್ತು ಕುದಿಸ್ಲಿ? "ಹದ ಬರೋವರೆಗೆ." ಹದ ಗೊತ್ತಿದ್ದಿದ್ರೆ ಫೋನ್ ಯಾಕೆ ಮಾಡ್ತಿದ್ವಿ ಹೇಳಿ!

1950ರ ದಶಕದಲ್ಲಿ ಲಂಡನ್ನಿನಲ್ಲಿದ್ದ ದೆಹಲಿಯ ಹುಡುಗಿಯೊಬ್ಬಳಿಗೆ ಫೋನ್ ಕೂಡ ದೂರದ ಮಾತು. ಅವರೇ ಮುಂದೆ ಮಧುರ್ ಜಾಫ್ರಿ ಅಂತ ಹೆಸರಾದವರು. 1933ರಲ್ಲಿ ಹುಟ್ಟಿದಾಗ ಅಜ್ಜಿ ನಾಲಿಗೆ ಮೇಲೆ ಜೇನುತುಪ್ಪದಲ್ಲಿ 'ಓಂ' ಬರೆದಿದ್ರಂತೆ. ಅಂಥ ನಾಲಿಗೆ ಇದ್ರೂ ಶಾಲೆಯ ಅಡುಗೆ ಪರೀಕ್ಷೆಯಲ್ಲಿ ಫೇಲ್!

ಲಂಡನ್ನಿಗೆ ಹೋಗಿದ್ದು ನಟನೆ ಕಲಿಯೋಕೆ. ಅಲ್ಲಿಯ ಕ್ಯಾಂಟೀನಿನಲ್ಲಿ ಬೆಂದು ಬೆಂದು ಸತ್ತುಹೋಗಿದ್ದ ಎಲೆಕೋಸು ಗಂಟಲಲ್ಲಿ ಇಳೀಲಿಲ್ಲ. ಅಮ್ಮನಿಗೆ ಕಾಗದ ಬರೆದ್ರು. ಅಮ್ಮ ಏರ್‌ಮೇಲ್‌ನಲ್ಲಿ ಮನೆ ಅಡುಗೆಗಳನ್ನ ಬರೆದು ಕಳಿಸಿದ್ರು. ಕಾಗದ ಓದ್ಕೊಂಡೇ ಕೈ ಪಳಗಿತು.

1965ರಲ್ಲಿ 'ಶೇಕ್ಸ್‌ಪಿಯರ್ ವಾಲಾ' ಸಿನಿಮಾ ಬಂತು. ಬರ್ಲಿನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ. ಸಿನಿಮಾಗೆ ಪ್ರಚಾರ ಬೇಕಲ್ಲ? ನಿರ್ಮಾಪಕ ಇಸ್ಮಾಯಿಲ್ ಮರ್ಚೆಂಟ್ ಒಂದು ಉಪಾಯ ಮಾಡಿದ್ರು. 1966ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಕ್ರೇಗ್ ಕ್ಲೈಬೋರ್ನ್ ಅವರಿಂದ ಲೇಖನ ಬಂತು: ಚೆನ್ನಾಗಿ ಅಡುಗೆಯನ್ನೂ ಮಾಡೋ ನಟಿ ಅಂತ. ಪ್ರಚಾರ ಸಿನಿಮಾಗೆ, ದಾರಿ ತೆರೆದದ್ದು ಅಡುಗೆಗೆ! 1973ರಲ್ಲಿ ಮೊದಲ ಪುಸ್ತಕ. 'ಕರಿ' ಅನ್ನೋ ಒಂದೇ ಪದಕ್ಕೆ ಭಾರತದ ಅಡುಗೆಯನ್ನೆಲ್ಲ ತುರುಕೋದು ಅವಮಾನ ಅಂತ ಅದರಲ್ಲಿ ಸಿಡುಕಿದ್ರು. ತಮಾಷೆ ಅಂದ್ರೆ, 2003ರಲ್ಲಿ ಅವರದೇ ಪುಸ್ತಕದ ಹೆಸರು 'ಅಲ್ಟಿಮೇಟ್ ಕರಿ ಬೈಬಲ್'.

1982ರಲ್ಲಿ ಬಿಬಿಸಿ ಕಾರ್ಯಕ್ರಮ ಶುರುವಾಯ್ತು. ಕೊತ್ತಂಬರಿ ಸೊಪ್ಪು ಹಾಕಿದ ನಿಂಬೆ ಚಿಕನ್ ತೋರಿಸಿದ ಮಾರನೇ ದಿನ ಮ್ಯಾಂಚೆಸ್ಟರಿನಲ್ಲಿ ಕೊತ್ತಂಬರಿಯೇ ಖಾಲಿಯಾಯ್ತು ಅಂತ ಇವತ್ತಿಗೂ ಹೇಳ್ತಾರೆ.

ಜನ ಇವರನ್ನ ಯಾಕಿಷ್ಟು ನಂಬಿದ್ರು? ನನಗನ್ನಿಸೋದು, ಆ ಫೇಲಾದ ಪರೀಕ್ಷೆಯಿಂದಲೇ. ಹುಟ್ಟಾ ಅಡುಗೆ ಬಲ್ಲವರಿಗೆ, ಬಾರದವರ ಕಷ್ಟ ತಿಳಿಯಲ್ಲ. ಇವರಿಗೆ ತಿಳಿದಿತ್ತು. ಅದಕ್ಕೇ ಎಷ್ಟು ಚಮಚ, ಎಷ್ಟು ನಿಮಿಷ, ಈರುಳ್ಳಿ ಯಾವ ಬಣ್ಣಕ್ಕೆ ಬರಬೇಕು, ಎಲ್ಲ ಬಿಡಿಸಿ ಬರೆದ್ರು. 2022ರಲ್ಲಿ ಪದ್ಮಭೂಷಣ ಬಂತು.

ಈ ಸಲ ಊರಿಗೆ ಹೋದಾಗ ಅಮ್ಮ "ಅಂದಾಜಿಗೆ ಹಾಕು" ಅಂದ್ರೆ ಸುಮ್ಮನೆ ತಲೆ ಆಡಿಸ್ಬೇಡಿ. ಪಾತ್ರೆಗೆ ಬೀಳೋ ಮುಂಚೆ ಆ ಹಿಡಿಯ ಕೆಳಗೊಂದು ಚಮಚ ಹಿಡೀರಿ. ಅಳೀರಿ, ಬರೆದಿಟ್ಕೊಳ್ಳಿ.