ತಲೆಯೊಳಗಿರುವುದು ಕಂಪ್ಯೂಟರೇ?

(ವಿದ್ಯಾರ್ಥಿಗಳು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



"ನನ್ನ ಮಗನಿಗೆ ಮೆಮೊರಿ ಕಡಿಮೆ ಸಾರ್, ಎಷ್ಟು ಓದಿದರೂ ತಲೆಯಲ್ಲಿ ನಿಲ್ಲುವುದಿಲ್ಲ." ಈ ಮಾತನ್ನು ನೀವೆಲ್ಲ ಕೇಳಿದ್ದೀರಿ, ಕೆಲವರು ಹೇಳಿಯೂ ಇರಬಹುದು. ಮೊಬೈಲ್ ಕೊಳ್ಳುವಾಗ ಆಡುವ ಮಾತನ್ನೇ ಮಗುವಿನ ಬಗ್ಗೆಯೂ ಆಡುತ್ತೇವೆ. ಪಕ್ಕದಲ್ಲೇ ನಿಂತ ಮಗು ತನ್ನ ತಲೆ ಇಷ್ಟೇ ಜಿ.ಬಿ.ಯದ್ದು ಎಂದು ನಂಬಿಬಿಡುತ್ತದೆ. ಇದು ಸರಿಯೇ ಎಂದು ತಿಳಿಯಲು ಮೊದಲು 'ಮಾಹಿತಿ' ಎಂದರೇನು ಎಂದು ಕೇಳಬೇಕು.

ಇದಕ್ಕೆ ಲೆಕ್ಕದ ಭಾಷೆಯಲ್ಲಿ ಉತ್ತರ ಕೊಟ್ಟವರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಕ್ಲಾಡ್ ಶಾನನ್, 1948ರಲ್ಲಿ. ಸಂದೇಶ ಬಂದ ಮೇಲೆ ನಮ್ಮ ಅನಿಶ್ಚಿತತೆ ಎಷ್ಟು ಕಡಿಮೆಯಾಯಿತೋ ಅಷ್ಟೇ ಮಾಹಿತಿ ಎಂದರು ಅವರು. ಜುಲೈಯಲ್ಲಿ ನಮ್ಮ ಕರಾವಳಿಯವರಿಗೆ "ನಾಳೆ ಮಳೆ" ಎಂದರೆ ಹೊಸತೇನೂ ತಿಳಿದಂತಾಗಲಿಲ್ಲ. ಅದೇ ಮಾತನ್ನು ಫೆಬ್ರವರಿಯಲ್ಲಿ ಹೇಳಿದರೆ ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ಅಕ್ಷರಗಳು ಅವೇ, ಮಾಹಿತಿ ಬೇರೆ. ಇದನ್ನು ಅಳೆಯುವ ಮಾನವೇ 'ಬಿಟ್'. 16 ಮಕ್ಕಳಲ್ಲಿ ನಾನು ಮನಸ್ಸಿನಲ್ಲಿಟ್ಟುಕೊಂಡ ಒಬ್ಬರನ್ನು ನೀವು ಹೌದು-ಅಲ್ಲ ಎಂಬ ಪ್ರಶ್ನೆಗಳಿಂದಲೇ ಕಂಡುಹಿಡಿಯಬೇಕು ಎನ್ನಿ. ಪ್ರತಿ ಪ್ರಶ್ನೆಗೂ ಅರ್ಧದಷ್ಟು ಮಕ್ಕಳು ಹೊರಗುಳಿಯುವಂತೆ ಕೇಳಿದರೆ ನಾಲ್ಕೇ ಪ್ರಶ್ನೆ ಸಾಕು. ಅದು ನಾಲ್ಕು ಬಿಟ್ ಮಾಹಿತಿ.

ಆದರೆ ಸಂದೇಶದ ಅರ್ಥಕ್ಕೂ ತನ್ನ ಲೆಕ್ಕಕ್ಕೂ ಸಂಬಂಧವಿಲ್ಲ ಎಂದು ಶಾನನ್ ಆರಂಭದಲ್ಲೇ ಸ್ಪಷ್ಟಪಡಿಸಿದ್ದರು. ಪಾಸೋ ಫೇಲೋ ಎಂಬುದು ಸಮಸಮ ಸಂಶಯದಲ್ಲಿದ್ದರೆ ಫಲಿತಾಂಶದಲ್ಲಿರುವುದು ಒಂದೇ ಒಂದು ಬಿಟ್. ಆ ಒಂದು ಬಿಟ್‌ಗಾಗಿ ಬಾಗಿಲಲ್ಲಿ ಕಾದು ಕುಳಿತ ತಾಯಿಗೆ ಅದೇನೆಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಸಿಕ್ಕಾಬಟ್ಟೆ ಒತ್ತಿದ ಅಕ್ಷರಗಳ ಒಂದು ಪುಟಕ್ಕೆ, ಅಷ್ಟೇ ಉದ್ದದ ಒಳ್ಳೆಯ ಪತ್ರಕ್ಕಿಂತ ಹೆಚ್ಚು ಬಿಟ್‌ಗಳು ಬೇಕು! ಟೆಲಿಫೋನ್ ತಂತಿಗೆ ಈ ವ್ಯಾಖ್ಯೆ ಸಾಕು. ಕಲಿಯುವ ಮಗುವಿಗೆ ಸಾಲದು.

ಇನ್ನು ಮಿದುಳಿನ ವಿಷಯ. ನರಕೋಶಗಳನ್ನು ತರ್ಕದ ಸ್ವಿಚ್ಚುಗಳಂತೆ ನೋಡಬಹುದೆಂದು ಮೆಕಲಕ್ ಮತ್ತು ಪಿಟ್ಸ್ 1943ರಲ್ಲೇ ತೋರಿಸಿದ್ದರು. ಸಂಕೇತ ಪಡೆದು, ಸಂಸ್ಕರಿಸಿ, ಉತ್ತರ ಕೊಡುವುದನ್ನೆಲ್ಲ ಕಂಪ್ಯೂಟರ್ ಎನ್ನುವುದಾದರೆ ಮಿದುಳೂ ಒಂದು ಕಂಪ್ಯೂಟರೇ. ಮೇಜಿನ ಮೇಲಿನ ಯಂತ್ರದಂತಹದ್ದೇ ಎಂದರೆ ಖಂಡಿತ ಅಲ್ಲ. ಆ ಯಂತ್ರದಲ್ಲಿ ಲೆಕ್ಕ ಮಾಡುವ ಭಾಗ ಬೇರೆ, ಕೂಡಿಡುವ ಭಾಗ ಬೇರೆ. ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಅಂತಹ ಪ್ರತ್ಯೇಕ ಉಗ್ರಾಣವಿಲ್ಲ. ಕಲಿತಾಗ ನರಕೋಶಗಳ ನಡುವಿನ ಸಂಪರ್ಕಗಳೇ ಬದಲಾಗುತ್ತವೆ. ಸಮುದ್ರದ ಒಂದು ಬಸವನಹುಳುವಿನಲ್ಲಿ ಇದನ್ನು ತೋರಿಸಿದ ಎರಿಕ್ ಕ್ಯಾಂಡೆಲ್ 2000ದಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಇಂದಿನ ಕೃತಕ ಬುದ್ಧಿಮತ್ತೆಯೂ ಸಂಪರ್ಕಗಳ ಬಲಾಬಲದಲ್ಲೇ ಕಲಿಕೆಯನ್ನು ಇಡುತ್ತದೆ. ಅಂದರೆ ಮಿದುಳು ಕಂಪ್ಯೂಟರನ್ನು ಅನುಕರಿಸಲಿಲ್ಲ, ಕಂಪ್ಯೂಟರೇ ಸ್ವಲ್ಪ ಮಟ್ಟಿಗೆ ಮಿದುಳಿನಿಂದ ಕಲಿಯಿತು.

ನೆನಪು ಇಟ್ಟಲ್ಲೇ ಇಟ್ಟ ಹಾಗೆ ಇರುವ ಫೈಲ್ ಕೂಡ ಅಲ್ಲ. ಇಂಗ್ಲೆಂಡಿನ ಫ್ರೆಡ್ರಿಕ್ ಬಾರ್ಟ್ಲೆಟ್ ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಜನಪದ ಕಥೆಯನ್ನು ಓದಿಸಿ, ದಿನಗಳು ಕಳೆದ ಮೇಲೆ ಮತ್ತೆ ಹೇಳಿಸಿದರು. ಸೀಲ್ ಬೇಟೆ ಮೀನುಗಾರಿಕೆಯಾಗಿತ್ತು! ಓದುಗರು ತಮಗೆ ಪರಿಚಿತವಾದ ಲೋಕಕ್ಕೆ ಹೊಂದಿಸಿ ಕಥೆಯನ್ನು ಹೊಸದಾಗಿ ಕಟ್ಟಿದ್ದರು. 1932ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಇದರ ವಿವರವಿದೆ. ಅರ್ಥವಾಗದ್ದನ್ನು ಮಗು ಮರೆಯುವುದೂ, ತಿರುಚಿ ಬರೆಯುವುದೂ ಜಾಗ ಸಾಲದ್ದರಿಂದ ಅಲ್ಲ, ಅಂಟಿಕೊಳ್ಳಲು ಹಳೆಯ ಆಸರೆ ಸಿಗದ್ದರಿಂದ.

ಪೋಷಕರಿಗೆ ಉಪಯೋಗಕ್ಕೆ ಬರುವ ಇನ್ನೊಂದು ವಿಷಯ ಹೇಳುತ್ತೇನೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿದ ಮೇಲೆ ಪಾಠವನ್ನು ನೋಡದೆ ನೆನಪಿಸಿಕೊಂಡು ಬರೆಯಿತು. ಐದು ನಿಮಿಷದ ನಂತರ ನೋಡಿದರೆ ಓದಿದವರೇ ಮುಂದು. ಒಂದು ವಾರದ ನಂತರ ನೆನಪಿಸಿಕೊಂಡವರು ಮುಂದು. ಫೈಲನ್ನು ಎಷ್ಟು ಸಲ ತೆರೆದರೂ ಡಿಸ್ಕ್ ಗಟ್ಟಿಯಾಗುವುದಿಲ್ಲ, ಇಲ್ಲಿ ಮಾತ್ರ ಹೊರತೆಗೆದಷ್ಟೂ ನೆನಪು ಗಟ್ಟಿಯಾಗಿದೆ.

ಇಂದು ರಾತ್ರಿ ಮಗು ಓದಿ ಮುಗಿಸಿದ ಮೇಲೆ ಪುಸ್ತಕ ಮುಚ್ಚಿಸಿ, "ಏನು ಓದಿದೆ, ನನಗೆ ಹೇಳು" ಎಂದು ಕೇಳಿ. ನಿಮಗೆ ಆ ಪಾಠ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ತಡವರಿಸಿದರೆ ಗದರಿಸದೆ ಸ್ವಲ್ಪ ಹೊತ್ತು ಕಾಯಿರಿ.