ಊರಿಗೆ ಬಂದ ಹೊಸ ಮಗು



ಜೂನ್ ಬಂತೆಂದರೆ ನಮ್ಮ ಶಾಲೆಗಳಲ್ಲಿ ಒಂದೆರಡು ಹೊಸ ಮುಖ ಇದ್ದೇ ಇರುತ್ತವೆ. ಅಪ್ಪನಿಗೋ ಅಮ್ಮನಿಗೋ ವರ್ಗವಾಗಿರುತ್ತದೆ. ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿಸಿ, ಶಾಲೆಗೆ ಟಿ.ಸಿ. ಕೊಟ್ಟರೆ ದೊಡ್ಡವರ ಓಡಾಟ ಮುಗಿಯುತ್ತದೆ. ಮಗುವಿನ ಕಷ್ಟ ಶುರುವಾಗುವುದು ಆಮೇಲೆ. ಊಟದ ಹೊತ್ತಿಗೆ ಯಾರ ಪಕ್ಕ ಕೂರಬೇಕು, ಆಟಕ್ಕೆ ಯಾರು ಕರೆದಾರು ಎಂಬುದು ಅದರ ಚಿಂತೆ.

ಇಂಥದೇ ಮಗುವಿನ ಕಥೆ ಅಮೆರಿಕದ ಕೇಟ್ ಡಿಕಮಿಲೊ ಬರೆದ ‘ಬಿಕಾಸ್ ಆಫ್ ವಿನ್-ಡಿಕ್ಸಿ’. 2000ದಲ್ಲಿ ಬಂದ ಈ ಮಕ್ಕಳ ಕಾದಂಬರಿಗೆ ಮರುವರ್ಷ ನ್ಯೂಬೆರಿ ಗೌರವ ದೊರೆಯಿತು. ಊರು ಬಿಡುವ ಸಂಕಟ ಲೇಖಕಿಗೂ ಗೊತ್ತು. ಎಳೆಯ ವಯಸ್ಸಿನಲ್ಲಿ ನ್ಯುಮೋನಿಯಾ ಬಿಡದೆ ಕಾಡಿದ್ದರಿಂದ ತಾಯಿ ಮತ್ತು ಅಣ್ಣನ ಜೊತೆ ಫಿಲಡೆಲ್ಫಿಯಾ ಬಿಟ್ಟು ಫ್ಲಾರಿಡಾಕ್ಕೆ ಬಂದವರು ಅವರು. ತಂದೆ ಫಿಲಡೆಲ್ಫಿಯಾದಲ್ಲೇ ಉಳಿದರು.

ಕಥೆಯ ಹುಡುಗಿ ಓಪಲ್‌ಗೆ ಹತ್ತು ವರ್ಷ. ಪಾದ್ರಿಯಾದ ತಂದೆಯೊಂದಿಗೆ ಫ್ಲಾರಿಡಾದ ಸಣ್ಣ ಊರಿಗೆ ಬಂದಿದ್ದಾಳೆ. ಅವಳಿಗೆ ಮೂರು ವರ್ಷವಾಗಿದ್ದಾಗಲೇ ತಾಯಿ ಮನೆ ಬಿಟ್ಟು ಹೋಗಿದ್ದಾಳೆ. ಒಂದು ದಿನ ವಿನ್-ಡಿಕ್ಸಿ ಎಂಬ ದೊಡ್ಡ ಅಂಗಡಿಗೆ ನುಗ್ಗಿದ ಬೀದಿನಾಯಿಯೊಂದು ತರಕಾರಿಯನ್ನೆಲ್ಲ ಚೆಲ್ಲಾಪಿಲ್ಲಿ ಮಾಡುತ್ತದೆ. ಮ್ಯಾನೇಜರು ಅದನ್ನು ಹಿಡಿಸಿ ಕಳಿಸಲು ಹೊರಟಾಗ ಓಪಲ್ ಅದು ತನ್ನ ನಾಯಿ ಎಂದುಬಿಡುತ್ತಾಳೆ. ಅಂಗಡಿಯ ಹೆಸರನ್ನೇ ಅದಕ್ಕಿಡುತ್ತಾಳೆ.

ಆ ನಾಯಿಯ ಹಿಂದೆ ಹೋದಂತೆ ಒಬ್ಬೊಬ್ಬರೇ ಪರಿಚಯವಾಗುತ್ತಾರೆ. ಗ್ರಂಥಾಲಯ ನೋಡಿಕೊಳ್ಳುವ ವಯಸ್ಸಾದ ಫ್ರಾನಿ, ಜೈಲಿಗೆ ಹೋಗಿ ಬಂದು ಸಾಕುಪ್ರಾಣಿಗಳ ಅಂಗಡಿಯಲ್ಲಿ ಗಿಟಾರ್ ನುಡಿಸುವ ಓಟಿಸ್, ಹುಡುಗರು ಮಾಟಗಾತಿ ಎಂದು ಹೆದರುವ, ಕಣ್ಣು ಮಂಜಾದ ಗ್ಲೋರಿಯಾ.

ಫ್ರಾನಿಯ ಬಳಿ ಒಂದು ಬಗೆಯ ಹಳೆಯ ಮಿಠಾಯಿ ಇದೆ. ಅವಳ ಮುತ್ತಜ್ಜ ಯುದ್ಧದಿಂದ ಮರಳಿ ಬಂದಾಗ ಮನೆಯವರೆಲ್ಲ ತೀರಿಹೋಗಿದ್ದರು. ಆಮೇಲೆ ಅವನು ಮಾಡಿದ ಮಿಠಾಯಿ ಅದು. ಬಾಯಿಗೆ ಹಾಕಿಕೊಂಡರೆ ಸಿಹಿಯ ಜೊತೆಗೇ ಅವರವರ ದುಃಖವೂ ನೆನಪಾಗುತ್ತದೆ. ಓಪಲ್‌ಗೆ ತಾಯಿ, ಓಟಿಸ್‌ಗೆ ಜೈಲು, ಸದಾ ಮುಖ ಗಂಟಿಕ್ಕಿಕೊಂಡಿರುವ ಅಮಾಂಡಾ ಎಂಬ ಹುಡುಗಿಗೆ ನೀರಿನಲ್ಲಿ ಮುಳುಗಿ ಸತ್ತ ಪುಟ್ಟ ತಮ್ಮ. ಅಮಾಂಡಾ ಯಾಕೆ ಹಾಗಿದ್ದಾಳೆಂದು ಓಪಲ್‌ಗೆ ತಿಳಿಯುವುದು, ಅವಳ ಮೇಲಿನ ಸಿಟ್ಟು ಕರಗುವುದು ಆಗಲೇ.

ತಾನೊಬ್ಬಳೇ ಒಂಟಿ ಎಂದುಕೊಂಡು ಬಂದ ಹುಡುಗಿಗೆ ಆ ಊರಿನಲ್ಲಿ ಮೊದಲಿನಿಂದ ಇದ್ದವರೂ ಒಂಟಿಯಾಗಿಯೇ ಬದುಕುತ್ತಿರುವುದು ಕಾಣುತ್ತದೆ. ಅವಳು ಮಾಡುವುದು ಇಷ್ಟೇ: ಅವರ ಕಥೆ ಕೇಳುತ್ತಾಳೆ, ಕೊನೆಗೆ ಎಲ್ಲರನ್ನೂ ಗ್ಲೋರಿಯಾಳ ಹಿತ್ತಲಿಗೆ ಊಟಕ್ಕೆ ಕರೆಯುತ್ತಾಳೆ. ಯಾರು ಎಂಥವರು ಎಂದು ಊರು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಹೊಸದಾಗಿ ಬಂದ ಮಗುವಿಗೆ ಆ ತೀರ್ಮಾನಗಳ ಹಂಗಿಲ್ಲ. ಹೊಸಬರಿಂದ ಊರಿಗೆ ಆಗುವ ದೊಡ್ಡ ಉಪಕಾರ ಇದು.

ಆದ್ದರಿಂದ ಹೊಸ ಮಗುವನ್ನು ಕನಿಕರದಿಂದಷ್ಟೇ ನೋಡುವುದು ಬೇಡ. ನಮಗೂ ಅದರ ಅಗತ್ಯವಿದೆ. ನಿಮ್ಮ ಬೀದಿಗೆ ಈ ವರ್ಷ ಯಾರಾದರೂ ಹೊಸದಾಗಿ ಬಂದಿದ್ದರೆ ಇವತ್ತೇ ಆ ಮಗುವನ್ನು ಮಾತನಾಡಿಸಿ. ಎಷ್ಟು ಅಂಕ ಬಂತು ಎಂದು ಕೇಳುವ ಬದಲು, ಬಿಟ್ಟು ಬಂದ ಊರಿನಲ್ಲಿ ಅದಕ್ಕೆ ಏನು ಇಷ್ಟವಿತ್ತು ಎಂದು ಕೇಳಿ. ನಿಮ್ಮ ಊರಿನ ಗ್ರಂಥಾಲಯ ತೋರಿಸಿ. ಪಕ್ಕದ ಮನೆಯ ಅಜ್ಜಿಯ ಪರಿಚಯ ಮಾಡಿಕೊಡಿ. ಮಗುವಿಗೂ ಅಜ್ಜಿಗೂ ಅದರಿಂದ ಒಳ್ಳೆಯದಾಗುತ್ತದೆ.